‘ಗ್ರೋ ಎ ಗಾರ್ಡನ್’: ಪ್ರಾಣಿ ಕೊಳ್ಳುವ ಮುನ್ನ ತೋಟವನ್ನು ನೋಡಿ

ಪ್ರಶ್ನೆ: ಆರನೇ ತರಗತಿಯಲ್ಲಿರುವ ನನ್ನ ಮಗ ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟಗಳ ವೇದಿಕೆಯಲ್ಲಿ ‘ಗ್ರೋ ಎ ಗಾರ್ಡನ್’ ಎಂಬ ತೋಟ ಬೆಳೆಸುವ ಆಟ ಆಡುತ್ತಾನೆ. ತೋಟದಲ್ಲಿ ಒಂದು ನಾಯಿ, ಎರಡು ಮೊಲಗಳಿವೆ. ಇವುಗಳಿಂದ ಶೆಕಲ್ (ಆಟದೊಳಗಿನ ಹಣ) ಹೆಚ್ಚುತ್ತಿಲ್ಲ, ಡ್ರ್ಯಾಗನ್‌ಫ್ಲೈ ಎಂಬ ಕೀಟ ಇದ್ದರೆ ಮಾತ್ರ ಹಣ ಬರುತ್ತದೆ ಎಂದು ಹೇಳಿ, ಅದು ಹೊರಬರುವ ಮೊಟ್ಟೆ ಕೊಳ್ಳಲು ರೋಬಕ್ಸ್ (ನಿಜವಾದ ದುಡ್ಡು ಕೊಟ್ಟು ಪಡೆಯುವ ರೋಬ್ಲಾಕ್ಸ್‌ನ ಹಣ) ಕೇಳುತ್ತಿದ್ದಾನೆ. ಪ್ರಾಣಿಗಳಿಂದ ನಿಜವಾಗಿಯೂ ಗಳಿಕೆ ಆಗುತ್ತದೆಯೇ? ಕೊಡಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗಳಿಕೆ ಆಗುತ್ತದೆ, ಆದರೆ ನಿಮ್ಮ ಮಗ ಅಂದುಕೊಂಡಿರುವ ರೀತಿಯಲ್ಲಿ ಅಲ್ಲ. ಈ ಆಟದಲ್ಲಿ ಶೆಕಲ್ ಬರುವುದು ಮುಖ್ಯವಾಗಿ ಹಣ್ಣು, ತರಕಾರಿ ಮಾರಿದಾಗ. ಹೆಚ್ಚಿನ ಪ್ರಾಣಿಗಳು ತಾವಾಗಿ ಹಣ ತಂದುಕೊಡುವುದಿಲ್ಲ. ತೋಟದಲ್ಲಿ ಈಗಾಗಲೇ ಇರುವ ಬೆಳೆಯ ಬೆಲೆಯನ್ನೋ ಬೆಳವಣಿಗೆಯ ವೇಗವನ್ನೋ ಹೆಚ್ಚಿಸುತ್ತವೆ, ಇಲ್ಲವೇ ಬೀಜ ಹುಡುಕಿಕೊಡುತ್ತವೆ. ಆದ್ದರಿಂದ ತೋಟದಲ್ಲಿ ಅಗ್ಗದ ಬೆಳೆಯೇ ತುಂಬಿದ್ದರೆ ಎಂಥ ಅಪರೂಪದ ಪ್ರಾಣಿ ಬಂದರೂ ಗಳಿಕೆ ಏರುವುದಿಲ್ಲ.

ಅವನ ಬಳಿ ಇರುವ ಮೊಲವನ್ನೇ ನೋಡಿ. ಅದು ಸುಮಾರು 40 ಸೆಕೆಂಡಿಗೊಮ್ಮೆ ಒಂದು ಕ್ಯಾರೆಟ್ ತಿಂದು, ಆ ಕ್ಯಾರೆಟ್‌ನ ಬೆಲೆಯ ಒಂದೂವರೆ ಪಟ್ಟು ಹಣ ಕೊಡುತ್ತದೆ. ಕ್ಯಾರೆಟ್ ಈ ಆಟದ ಅತ್ಯಂತ ಅಗ್ಗದ ಬೆಳೆ, ಅದರ ಬೀಜಕ್ಕೆ 10 ಶೆಕಲ್ ಮಾತ್ರ. ಅದರ ಒಂದೂವರೆ ಪಟ್ಟು ಎಂದರೂ ಕೆಲವೇ ಹತ್ತು ಶೆಕಲ್. ತೋಟದಲ್ಲಿ ಕ್ಯಾರೆಟ್ ಇಲ್ಲದಿದ್ದರೆ ಮೊಲಕ್ಕೆ ಕೆಲಸವೇ ಇಲ್ಲ. ನಾಯಿಯಾದರೆ ನಿಮಿಷಕ್ಕೊಮ್ಮೆ ನೆಲ ಅಗೆಯುತ್ತದೆ. ಪ್ರತಿ ಸಲ ಬೀಜ ಸಿಗುವ ಸಾಧ್ಯತೆ ನೂರಕ್ಕೆ 5ರಷ್ಟಿರುವುದರಿಂದ ಗಂಟೆಗೆ ಸರಾಸರಿ ಮೂರು ಬೀಜ ಸಿಗಬಹುದು. ಆಟದ ಆರಂಭದಲ್ಲಿ ಇದು ಒಳ್ಳೆಯ ನೆರವೇ. ಗೋಲ್ಡನ್ ಲ್ಯಾಬ್ ಎಂಬ ನಾಯಿ ಸಿಕ್ಕಿದರೆ ಇದರ ಎರಡರಷ್ಟು ಬೀಜ ಬರುತ್ತದೆ.

ಡ್ರ್ಯಾಗನ್‌ಫ್ಲೈ ಬಗ್ಗೆ ಅವನು ಹೇಳಿದ್ದು ತಪ್ಪಲ್ಲ. ಅದು ಸುಮಾರು ಐದು ನಿಮಿಷಕ್ಕೊಮ್ಮೆ ತೋಟದ ಯಾವುದಾದರೂ ಒಂದು ಹಣ್ಣನ್ನು ಚಿನ್ನದ ಹಣ್ಣಾಗಿ ಮಾಡುತ್ತದೆ, ಮತ್ತು ಚಿನ್ನದ ಹಣ್ಣಿಗೆ 20 ಪಟ್ಟು ಬೆಲೆ. ಇಲ್ಲಿ ‘ಯಾವುದಾದರೂ ಒಂದು’ ಎಂಬುದನ್ನೇ ಆಟಗಾರರು ಮರೆಯುತ್ತಾರೆ. ಹತ್ತು ಸ್ಟ್ರಾಬೆರಿ ಗಿಡಗಳ ನಡುವೆ ಒಂದೇ ತೆಂಗಿನ ಮರವಿದ್ದರೆ ಚಿನ್ನವಾಗುವುದು ಹೆಚ್ಚಾಗಿ ಸ್ಟ್ರಾಬೆರಿಯೇ. ಸಲಿಕೆ ಹಿಡಿದು ಅಗ್ಗದ ಗಿಡಗಳನ್ನು ಕಿತ್ತುಹಾಕಿ, ಮತ್ತೆ ಮತ್ತೆ ಫಲ ಕೊಡುವ ತೆಂಗು, ಮಾವು, ದ್ರಾಕ್ಷಿಯಂಥವನ್ನು ಮಾತ್ರ ಉಳಿಸಿಕೊಂಡವನಿಗೆ ಅದೇ ಡ್ರ್ಯಾಗನ್‌ಫ್ಲೈ ಹಲವು ಪಟ್ಟು ಹೆಚ್ಚು ಗಳಿಸಿಕೊಡುತ್ತದೆ. ಈ ಕೆಲಸಕ್ಕೆ ರೋಬಕ್ಸ್ ಬೇಕಾಗಿಲ್ಲ, ಇವತ್ತೇ ಮಾಡಬಹುದು.

ಚಿನ್ನವಾದ ಹಣ್ಣನ್ನು ತಕ್ಷಣ ಕಿತ್ತು ಮಾರುವುದೂ ನಷ್ಟವೇ. ಮಳೆ ಬಂದಾಗ ಒದ್ದೆಯಾದ ಹಣ್ಣಿಗೆ 2 ಪಟ್ಟು, ಹೆಪ್ಪುಗಟ್ಟಿದ್ದಕ್ಕೆ 10 ಪಟ್ಟು, ಸಿಡಿಲು ಹೊಡೆದದ್ದಕ್ಕೆ 100 ಪಟ್ಟು ಬೆಲೆಯಿದೆ. ಇಂಥ ಹವಾಮಾನದ ಗುಣಗಳು ಒಂದೇ ಹಣ್ಣಿನಲ್ಲಿ ಒಟ್ಟುಗೂಡಿದಾಗ ಅವು ತಮ್ಮೊಳಗೆ ಕೂಡಿಕೊಳ್ಳುತ್ತವೆ, ಆ ಮೊತ್ತವನ್ನು ಚಿನ್ನದ 20 ಗುಣಿಸುತ್ತದೆ. ಹೀಗಾಗಿ ಚಿನ್ನದ ಹಣ್ಣು ಹೆಪ್ಪುಗಟ್ಟಿದರೆ 200 ಪಟ್ಟು, ಹೆಪ್ಪುಗಟ್ಟುವ ಬದಲು ಸಿಡಿಲು ಬಡಿದರೆ 2,000 ಪಟ್ಟು ಬೆಲೆ ಬರುತ್ತದೆ. ಹಣ್ಣಿಗೆ ತಂಪು ಹತ್ತಿಸುವ ಹಿಮಕರಡಿ ಈ ಕಾರಣಕ್ಕೇ ಡ್ರ್ಯಾಗನ್‌ಫ್ಲೈಗೆ ಒಳ್ಳೆಯ ಜೋಡಿ. ಒಂದೇ ಒಂದು ಎಚ್ಚರಿಕೆ: ಗಿಡದಲ್ಲಿ ಬಿಟ್ಟ ಬೆಲೆಬಾಳುವ ಹಣ್ಣನ್ನು ಬೇರೆ ಆಟಗಾರರು ರೋಬಕ್ಸ್ ತೆತ್ತು ಕದಿಯಬಹುದು.

ಇನ್ನು ಮೊಟ್ಟೆಯ ವಿಚಾರ. ಡ್ರ್ಯಾಗನ್‌ಫ್ಲೈ ಬರುವುದು ಬಗ್ ಎಗ್ ಎಂಬ ಮೊಟ್ಟೆಯಿಂದ. 2025ರಲ್ಲಿ ಈ ಪ್ರಾಣಿಗಳು ಆಟಕ್ಕೆ ಬಂದಾಗ ಅದರ ಬೆಲೆ 5 ಕೋಟಿ ಶೆಕಲ್ ಇತ್ತು, ಅದು ಒಡೆದಾಗ ಡ್ರ್ಯಾಗನ್‌ಫ್ಲೈ ಸಿಗುವ ಸಾಧ್ಯತೆ ನೂರಕ್ಕೆ ಒಂದು. ಬಸವನಹುಳು, ದೊಡ್ಡ ಇರುವೆ, ಕಂಬಳಿಹುಳುಗಳೇ ಹೆಚ್ಚಾಗಿ ಹೊರಬರುತ್ತವೆ. ನೀವು ನಿಜವಾದ ರೂಪಾಯಿ ಕೊಟ್ಟು ರೋಬಕ್ಸ್ ತುಂಬಿಸಿ ಕೊಡಿಸುವುದು ಪ್ರಾಣಿಯನ್ನಲ್ಲ, ಲಾಟರಿ ಚೀಟಿಯನ್ನು. ನನ್ನ ಸ್ಪಷ್ಟ ಸಲಹೆ: ಕೊಡಿಸಬೇಡಿ. ಹೊರಗಿನ ಜಾಲತಾಣಗಳಲ್ಲಿ ದುಡ್ಡಿಗೆ ಪ್ರಾಣಿ ಮಾರುವವರ ಹತ್ತಿರವಂತೂ ಹೋಗಲೇಬೇಡಿ. ಅಂಥ ವ್ಯವಹಾರ ರೋಬ್ಲಾಕ್ಸ್ ನಿಯಮಕ್ಕೆ ವಿರುದ್ಧ, ಮಗುವಿನ ಖಾತೆಯೇ ರದ್ದಾಗಬಹುದು. ರೋಬ್ಲಾಕ್ಸ್‌ನ ಪೋಷಕರ ನಿಯಂತ್ರಣದಲ್ಲಿ ತಿಂಗಳ ಖರ್ಚಿಗೆ ಮಿತಿ ಹಾಕುವ ಸೌಲಭ್ಯವಿದೆ, ಅದನ್ನು ಮೊದಲು ಹೊಂದಿಸಿ.

ಸದ್ಯಕ್ಕೆ ಮಗನಿಗೆ ಇಷ್ಟು ಹೇಳಿ: ಮೊಲಗಳ ಜಾಗದಲ್ಲಿ ಇನ್ನೂ ಎರಡು ನಾಯಿ ಅಥವಾ ಗೋಲ್ಡನ್ ಲ್ಯಾಬ್ ಇರಿಸಲಿ. ಅವುಗಳಿಗೆ ಸ್ಟ್ರಾಬೆರಿಯಂಥ ಅಗ್ಗದ ಹಣ್ಣನ್ನೇ ತಿನ್ನಿಸಲಿ, ಏಕೆಂದರೆ ಹಸಿದ ಪ್ರಾಣಿ ಕೆಲಸ ನಿಲ್ಲಿಸುತ್ತದೆ. ಸಿಕ್ಕ ಬೀಜಗಳಲ್ಲಿ ಒಂದೇ ಸಲ ಫಲ ಕೊಡುವ ಕುಂಬಳ, ಕಲ್ಲಂಗಡಿಗಳನ್ನು ಬೆಳೆದು ಮಾರಿ, ಆ ಶೆಕಲ್‌ನಿಂದ ಮೊದಲ ತೆಂಗಿನ ಬೀಜ ಕೊಳ್ಳಲಿ.