ಸನ್ನದು ಕೈಯಲ್ಲಿರಲಿ, ತಾಯಿ

ಪ್ರಶ್ನೆ: ನನ್ನ ಮಗ ಎಲ್‌ಎಲ್‌ಬಿ ಮುಗಿಸಿ ಮೂರು ವರ್ಷದಿಂದ ಸೀನಿಯರ್ ಒಬ್ಬರ ಹತ್ತಿರ ಜೂನಿಯರ್ ಆಗಿದ್ದಾನೆ. ಈಗ ರಾಜಕೀಯದ ಗೀಳು ಹತ್ತಿ ಕೋರ್ಟಿಗೆ ಹೋಗುವುದೇ ಕಡಿಮೆಯಾಗಿದೆ. ಕೇಳಿದರೆ ‘ನಿಜಲಿಂಗಪ್ಪನವರೂ ವಕೀಲರೇ ಆಗಿದ್ದರಲ್ಲಮ್ಮ’ ಅನ್ನುತ್ತಾನೆ. ಶಾಸಕನಾದರೆ ವಕೀಲಿಕೆ ಬಿಡಲೇಬೇಕೆ? ಅವನಿಗೆ ಏನು ಹೇಳಲಿ?
– ಒಬ್ಬ ತಾಯಿ, ಹೊಸದುರ್ಗ

ಉತ್ತರ: ತಾಯಿ, ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ಬಿಡಬೇಕಾಗಿಲ್ಲ. ಪೂರ್ತಿ ಹೊತ್ತಿನ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ಮಾಡಬಾರದು ಅಂತ ಬಾರ್ ಕೌನ್ಸಿಲ್ ನಿಯಮವಿದೆ, ನಿಜ. ಆದರೆ ಶಾಸಕರು, ಸಂಸದರು ಯಾರ ನೌಕರರೂ ಅಲ್ಲ, ಅವರಿಗೆ ಆ ನಿಯಮ ತಗಲುವುದಿಲ್ಲ ಅಂತ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನಲ್ಲಿ ಹೇಳಿತು.

ಇನ್ನು ನಿಮ್ಮ ಮಗ ಎತ್ತಿದ ಹೆಸರು. ನಿಜಲಿಂಗಪ್ಪನವರು 1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿದವರು. ಪುಣೆಯಲ್ಲಿ ಕಾನೂನು ಓದಿ ಬಂದು ಚಿತ್ರದುರ್ಗದಲ್ಲಿ ವಕೀಲಿಕೆಗೆ ಕೂತರು. ಹತ್ತು ವರ್ಷಕ್ಕೂ ಮೇಲೆ ಜನರ ಜಗಳ, ಜಮೀನು, ಸಾಲದ ಕಾಗದಗಳನ್ನು ನೋಡಿದ ಮೇಲೆ 1939ರ ಅರಣ್ಯ ಸತ್ಯಾಗ್ರಹ ಬಂತು. ತುರುವನೂರಿನಲ್ಲಿ ಈಚಲು ಮರ ಕಡಿದರು. ಮರ ಕಡಿಯುವುದೇನು ಮಹಾ ಅಂತ ಇವತ್ತಿನವರಿಗೆ ಅನ್ನಿಸಬಹುದು. ಈಚಲ ಮರ ಅಂದರೆ ಸೇಂದಿ, ಸೇಂದಿ ಅಂದರೆ ಸರ್ಕಾರದ ವರಮಾನ. ಕೊಡಲಿ ಬಿದ್ದದ್ದು ಖಜಾನೆಯ ಬುಡಕ್ಕೇ. ನಿಜಲಿಂಗಪ್ಪನವರು ಜೈಲಿಗೆ ಹೋದರು, ವಕೀಲಿಕೆ ಮಾಡಲು ಕೊಡುವ ಪರವಾನಗಿ, ಆ ಸನ್ನದೂ ಹೋಯಿತು. ಮನೆ ನಡೆಯುತ್ತಿದ್ದದ್ದೇ ವಕಾಲತ್ತಿನಿಂದ ಅನ್ನುವವನಿಗೆ ಜೈಲಿಗಿಂತ ಇದು ದೊಡ್ಡ ಪೆಟ್ಟು. ಕೋರ್ಟಿಗೆ ಬೇಸರಪಟ್ಟು ಅವರು ರಾಜಕೀಯಕ್ಕೆ ಹೋದವರಲ್ಲ. ಇದನ್ನು ನಿಮ್ಮ ಮಗನಿಗೆ ಬಿಡಿಸಿ ಹೇಳಿ.

ಸಂವಿಧಾನ ಸಭೆ, ಮೊದಲ ಲೋಕಸಭೆ, 1956ರ ನವೆಂಬರ್ 1ರಂದು ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ ಪದವಿ, ಇವೆಲ್ಲ ಶಾಲೆಯ ಪುಸ್ತಕದಲ್ಲೇ ಇವೆ. ನಿಮ್ಮೂರಿನ ಕತೆ ಮಾತ್ರ ಹುಡುಗರಿಗೆ ಗೊತ್ತಿರುವುದಿಲ್ಲ. 1962ರಲ್ಲಿ ಅವರನ್ನು ಸೋಲಿಸಿದ್ದು ನಿಮ್ಮ ಹೊಸದುರ್ಗವೇ. ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ ಗೆದ್ದರು. ಹಿಂದೆ ಮುಖ್ಯಮಂತ್ರಿಯಾಗಿದ್ದವರು, ಅದೂ ಸ್ವಂತ ಜಿಲ್ಲೆಯಲ್ಲಿ ಸೋತರು. ಆಗ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಅವಿರೋಧವಾಗಿ ಆರಿಸಿ ಬಂದ ಮೇಲೆ, ತಾವು ಮೂರು ತಿಂಗಳು ಕೂತ ಕುರ್ಚಿಯನ್ನು ಕಂಠಿಯವರು ಜೂನ್‌ನಲ್ಲಿ ಬಿಟ್ಟುಕೊಟ್ಟರು. ಕಂಠಿಯವರ ಹೆಸರು ಬಂದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಎಲ್ಲರಿಗೂ ಒಬ್ಬ ಕಂಠಿ ಸಿಗುವುದಿಲ್ಲ, ತಾಯಿ. ಸೋತ ಮಾರನೇ ದಿನ ಬೆಳಿಗ್ಗೆ ಎದ್ದು ಹೋಗಲು ನಿಮ್ಮ ಮಗನಿಗೆ ಒಂದು ಕೋರ್ಟು ಇರಲಿ. ಇನ್ನೂ ಏಳೆಂಟು ವರ್ಷ ತಾಲ್ಲೂಕು ಕೋರ್ಟಿನಲ್ಲಿ ಸ್ವಂತ ಕೇಸು ನಡೆಸಲಿ, ಪಾಟೀಸವಾಲು ಮಾಡಲಿ. ರಾಜಕೀಯ ಬೇಡ ಅನ್ನಬೇಡಿ. ಈಗಲೇ ಬೇಡ ಅನ್ನಿ.

ಪ್ರಶ್ನೆ: ವಕೀಲರೇ ವಿಧಾನಸಭೆಗೆ ಹೋದರೆ ಕಾನೂನು ವಕೀಲರ ಅನುಕೂಲಕ್ಕೇ ಬರುತ್ತದಲ್ಲವೇ ಸ್ವಾಮಿ?
– ಒಬ್ಬ ರೈತ, ಶಿಕಾರಿಪುರ

ಉತ್ತರ: ಹಾಗೇ ಆಗಬೇಕೆಂದಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯನ್ನೇ ನೋಡಿ. ವಕೀಲರೂ ಕೂತಿದ್ದ ಸದನ ಅದು. ಗೇಣಿದಾರನ ಅರ್ಜಿ ಕೇಳುವ ಭೂ ನ್ಯಾಯಮಂಡಳಿಗೆ ವಕೀಲರು ಕಾಲಿಡಬಾರದು ಅಂತ ಆ ಕಾಯ್ದೆಯ 48ನೇ ಕಲಮಿನಲ್ಲೇ ಬರೆದರು. ಒಡೆಯ ದೊಡ್ಡ ವಕೀಲರನ್ನು ಹಿಡಿದಾನು, ಗೇಣಿದಾರ ಎಲ್ಲಿಂದ ಹಿಡಿದಾನು ಅನ್ನುವ ಕಾಳಜಿ. ಅದು ವಕೀಲರ ಹಕ್ಕಿಗೆ ಅಡ್ಡ ಬರುತ್ತದೆ ಅಂತ 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ಒಪ್ಪಲಿಲ್ಲ. ಕಾಯ್ದೆ ಮಾತ್ರ ಉಳಿಯಿತು.

ಆ ನಿಷೇಧ ಇನ್ನೂ ಇದ್ದ ಕಾಲದಲ್ಲಿ ನಾನು ಹೊಸ ಕೋಟು ಹೊಲಿಸಿಕೊಂಡಿದ್ದ ಜೂನಿಯರ್. ಎರಡೂವರೆ ಎಕರೆ ಗೇಣಿ ಮಾಡುತ್ತಿದ್ದ ಅಜ್ಜ ಒಬ್ಬರು ನಮೂನೆ 7, ಅಂದರೆ ಆ ಜಮೀನು ತಮ್ಮ ಹೆಸರಿಗಾಗಲಿ ಅನ್ನುವ ಗೇಣಿದಾರನ ಅರ್ಜಿ, ಹಾಕಿದ್ದರು. ಒಡೆಯ ಒಂದು ವರ್ಷವೂ ರಸೀದಿ ಕೊಟ್ಟಿರಲಿಲ್ಲ. ಪಹಣಿಯ ಸಾಗುವಳಿ ಕಾಲಮಿನಲ್ಲಿ ಮಾತ್ರ ಅಜ್ಜನ ಹೆಸರು ಸಾಲಾಗಿ ಬಂದಿತ್ತು. ಅಜ್ಜನಿಗೆ ಓದು ಬಾರದು, ನಾನು ಒಳಗೆ ಹೋಗುವಂತಿಲ್ಲ. ತಾಲ್ಲೂಕು ಕಚೇರಿಯ ಬೇವಿನ ಮರದ ಕೆಳಗೆ ಕೂತು ಆ ಹೆಸರಿನ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿಕೊಟ್ಟೆ. ‘ಅವರು ಏನೇ ಕೇಳಲಿ, ಈ ಕೆಂಪು ಗೀಟಿನ ಮೇಲೆ ಬೆರಳಿಡು ಅಜ್ಜ, ಬೇರೆ ಮಾತು ಬೇಡ’ ಅಂತ ಹತ್ತು ಸಲ ಹೇಳಿದೆ. ಒಂದು ಕಾಯ್ದೆಯ ಒಂದು ಸಾಲು ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಅನ್ನುವುದು ನನಗೆ ಅರ್ಥವಾದದ್ದು ಆ ಮರದ ಕೆಳಗೆ ಕಾಯುವಾಗ. ಹೊಸದುರ್ಗದ ತಾಯಿಯ ಮಗನೂ ಇದನ್ನು ಓದಲಿ.

ಮಧ್ಯಾಹ್ನದ ಹೊತ್ತಿಗೆ ಅಜ್ಜ ಹೊರಗೆ ಬಂದರು. ಕೈ ನಡುಗುತ್ತಿತ್ತು. ‘ಬೆರಳು ತೆಗೀಲೇ ಇಲ್ಲ ಸ್ವಾಮಿ’ ಅಂದರು. ಅವರ ಮೊಮ್ಮಕ್ಕಳು ಈಗ ಅದೇ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದಾರೆ.