ಕೋಲಾರಕ್ಕೆ ಕರೆಂಟ್ ಬರುವ ಮೊದಲೇ ಹೋದ ದಿವಾನರು

20ನೇ ಶತಮಾನದ ಮೊದಲ ವರ್ಷಗಳಲ್ಲಿ ತೀರಿಕೊಂಡ ಗಣ್ಯರಲ್ಲಿ ನಿಮ್ಮ ಊರಿನವರು ಯಾರನ್ನು ನೆನೆಯಬೇಕು ಎಂದು ಕೇಳಿದ್ದೀರಿ. ನಾನು ಕೋಲಾರದ ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್.ನಲ್ಲಿ ಹುಟ್ಟಿ ಬೆಳೆದವನು. ನನ್ನ ಉತ್ತರ ಒಂದೇ ಹೆಸರು: ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್.

ಪಾಲಕ್ಕಾಡಿನ ಕಡೆಯವರು. 1883ರಿಂದ 1901ರವರೆಗೆ, 18 ವರ್ಷ ಮೈಸೂರಿನ ದಿವಾನರು. ಬೆಂಗಳೂರಿನವರು ಅವರನ್ನು ಹೆಸರಘಟ್ಟದ ನೀರಿಗಾಗಿ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗಾಗಿ ನೆನೆಯುತ್ತಾರೆ. ಶೇಷಾದ್ರಿಪುರವಂತೂ ಅವರ ಹೆಸರನ್ನೇ ಹೊತ್ತಿದೆ. ನಮ್ಮ ಊರಿನಲ್ಲಿ ಆ ಹೆಸರು ಹೇಳಿದರೆ ಎಷ್ಟೋ ಮಂದಿಗೆ ಗುರುತೇ ಸಿಗುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಏಕೆಂದರೆ ನಮ್ಮ ಗಣಿಗಳು ಮೊದಲು ನಡೆಯುತ್ತಿದ್ದದ್ದು ಉಗಿಯಂತ್ರಗಳಿಂದ. ಅವುಗಳ ಹೊಟ್ಟೆಗೆ ಸೌದೆ, ಕಲ್ಲಿದ್ದಲು ಎಷ್ಟು ಸುರಿದರೂ ಸಾಲದು. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಬಲದಿಂದ ವಿದ್ಯುತ್ ತೆಗೆದು ಕೋಲಾರಕ್ಕೆ ತರಬಹುದೆಂದು ಸಂಸ್ಥಾನದ ಎಂಜಿನಿಯರ್ ಡಿ ಲಾಟ್ಬಿನಿಯೇರ್ ಯೋಜನೆ ಹಾಕಿಕೊಟ್ಟರು. ನಡುವಿನ ದೂರ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್. ಅಷ್ಟು ದೂರ ತಂತಿಯಲ್ಲಿ ಕರೆಂಟ್ ಹರಿಸಿದ ಅನುಭವ ಆಗ ಜಗತ್ತಿನಲ್ಲೇ ವಿರಳ. ಸಂಸ್ಥಾನದ ಹಣವನ್ನು ಅಂಥ ಕೆಲಸಕ್ಕೆ ತೊಡಗಿಸಲು ಎದೆಗಾರಿಕೆ ಬೇಕು. ಶೇಷಾದ್ರಿ ಅಯ್ಯರ್ ಅದಕ್ಕೆ ಬೆನ್ನುಕೊಟ್ಟು ನಿಂತರು.

ಆ ಕರೆಂಟಿನ ಬೆಲೆ ನನಗೆ ಗೊತ್ತಾದದ್ದು ಅಪ್ಪನಿಂದ. ಅವರು ಗಣಿಯಲ್ಲಿ ಕೇಜು, ಎಂದರೆ ಕೆಲಸಗಾರರು ನಿಲ್ಲುವ ಪಂಜರ, ಇಳಿಸಿ ಏರಿಸುವ ಕರೆಂಟ್ ಯಂತ್ರದ ಚಾಲಕರು. ಚಿಕ್ಕಂದಿನಲ್ಲಿ ಒಮ್ಮೆ ಬುತ್ತಿ ಕೊಡಲು ಹೋದಾಗ ಬಾಗಿಲಲ್ಲೇ ನಿಂತು ನೋಡಿದ್ದೆ. ಗಂಟೆ ಬಡಿಯಿತು. ಅಪ್ಪ ಎಣಿಸಿಕೊಂಡು ಲಿವರ್ ಎಳೆದರು. ಮನೆಯಷ್ಟು ದೊಡ್ಡ ಉರುಳೆ ತಿರುಗತೊಡಗಿತು, ಉಕ್ಕಿನ ಹಗ್ಗ ಸರಸರನೆ ಹೊರಗೆ ಓಡಿತು. ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. ಆಳ ತೋರಿಸುವ ಮುಳ್ಳಿನ ಮೇಲೆಯೇ ಕಣ್ಣು. ಆ ಹಗ್ಗದ ತುದಿಯಲ್ಲಿ ನಮ್ಮ ಬೀದಿಯ ಗಂಡಸರೆಲ್ಲ ನೇತಾಡುತ್ತಿದ್ದಾರೆ ಎಂದು ಆಮೇಲೆ ಮನೆಯಲ್ಲಿ ಹೇಳಿದರು.

ಒಂದು ಮಾತನ್ನು ಮುಚ್ಚಿಡಲಾರೆ. ಆ ವಿದ್ಯುತ್ ಮೊದಲು ಹೋದದ್ದು ಇಂಗ್ಲಿಷ್ ಕಂಪನಿಗಳ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ನಮ್ಮಜ್ಜಿ ಕೆ.ಜಿ.ಎಫ್. ಪಕ್ಕದ ಹಳ್ಳಿಯವರೇ ಆದರೂ, ಮದುವೆಯಾಗಿ ಬರುವವರೆಗೆ ಬುಡ್ಡಿದೀಪದ ಬೆಳಕನ್ನೇ ಕಂಡವರು. ಈ ಕೊರಗು ನನಗಿದೆ. ಆದರೂ ಶಿವನಸಮುದ್ರದ ಕೆಲಸವನ್ನು ಯಾರೂ ಕೈಗೆತ್ತಿಕೊಳ್ಳದಿದ್ದರೆ ಆ ಹಳ್ಳಿಗಳು ಇನ್ನೂ ಎಷ್ಟು ಕಾಲ ಕಾಯಬೇಕಿತ್ತೋ.

ಅದೇ ವರ್ಷಗಳಲ್ಲಿ ಜಮ್‌ಷೆಟ್‌ಜಿ ಟಾಟಾ ಕೂಡ ಹೋದರು, 1904ರಲ್ಲಿ. ಅವರು ಬಯಸಿದ ವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1909ರಲ್ಲಿ. ಆದರೆ ಅವರನ್ನು ನೆನೆಯುವವರು ಬೇಕಾದಷ್ಟು ಮಂದಿ ಇದ್ದಾರೆ.

2001ರಲ್ಲಿ ಗಣಿ ಮುಚ್ಚಿತು. ಅದಾಗಿ ಕೆಲವು ವರ್ಷಕ್ಕೆ ಅಪ್ಪನನ್ನು ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಮುಂದೆ ದಿವಾನರ ಪ್ರತಿಮೆ ಇದೆ. ಇವರೇ ನಮಗೆ ಕರೆಂಟ್ ತಂದವರು ಎಂದೆ. ಅಪ್ಪ ಮುಖವೆತ್ತಿ ಬಹಳ ಹೊತ್ತು ನೋಡಿದರು.

"ನಮ್ಮ ಗಣಿ ಕರೆಂಟಿನಲ್ಲಿ ಓಡಿದ್ದನ್ನು ಇವರು ಕಂಡರೇನಪ್ಪ?"

"ಇಲ್ಲ ಅಪ್ಪ. ಕರೆಂಟ್ ಬಂದದ್ದು 1902ರ ಜೂನ್ 30ಕ್ಕೆ. ಇವರು ತೀರಿಕೊಂಡದ್ದು 1901ರ ಸೆಪ್ಟೆಂಬರ್ 13ಕ್ಕೆ."

ಅಪ್ಪ ಬೆರಳು ಮಡಚಿ ತಿಂಗಳು ಎಣಿಸಿದರು. ಒಂಬತ್ತಕ್ಕೆ ನಿಲ್ಲಿಸಿ, ಚಪ್ಪಲಿ ಬಿಟ್ಟು ಕೈ ಮುಗಿದರು.