ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಕಡ್ಡಾಯವಾದರೆ ಶುದ್ಧ ತಳಿಯ ಬೆಕ್ಕು ಸಾಕಣೆದಾರರಿಗೆ ಏನು ತೊಡಕು?

ಇಂಥ ಕಾನೂನುಗಳು ಸಾಮಾನ್ಯವಾಗಿ ತಳಿ ಬೆಳೆಸುವುದನ್ನೇ ನಿಷೇಧಿಸುವುದಿಲ್ಲ; ಪರವಾನಗಿ ಪಡೆದವರಿಗೆ ವಿನಾಯಿತಿ ನೀಡಿ, ಅದರೊಂದಿಗೆ ಶುಲ್ಕ ಮತ್ತು ದಾಖಲೆಗಳ ಹೊರೆ ಹೊರಿಸುತ್ತವೆ. ನಿಜವಾದ ತೊಡಕಿರುವುದು ವಯಸ್ಸಿನ ಮಿತಿಯಲ್ಲಿ. ಅಮೆರಿಕದ ಲಾಸ್ ಏಂಜಲೀಸ್ ನಗರ 2008ರಲ್ಲಿ ತಂದ ನಿಯಮದ ಪ್ರಕಾರ, ವಿನಾಯಿತಿ ಇಲ್ಲದ ನಾಯಿ, ಬೆಕ್ಕುಗಳಿಗೆ 4 ತಿಂಗಳು ತುಂಬುವಷ್ಟರಲ್ಲಿ ಈ ಶಸ್ತ್ರಚಿಕಿತ್ಸೆ ಆಗಿರಬೇಕು. ಆದರೆ ಮರಿಯ ಮೈಕಟ್ಟು, ತಲೆಯ ಆಕಾರ, ಸ್ವಭಾವಗಳು ತಳಿಯ ಮಾನದಂಡಕ್ಕೆ ಹೊಂದುತ್ತವೆಯೇ ಎಂಬುದು ಅಷ್ಟು ಬೇಗ ಸ್ಪಷ್ಟವಾಗುವುದಿಲ್ಲ. ಮೇನ್ ಕೂನ್‌ನಂಥ ತಳಿ ಪೂರ್ಣವಾಗಿ ಬೆಳೆಯಲು 3ರಿಂದ 4 ವರ್ಷ ಬೇಕಾಗಬಹುದು. ಪರವಾನಗಿ ದುಬಾರಿಯಾದಷ್ಟೂ ಕೆಲವೇ ಬೆಕ್ಕುಗಳನ್ನು ಸಾಕುವ ಹವ್ಯಾಸಿಗಳು ಮೊದಲು ಹಿಂದೆ ಸರಿಯುತ್ತಾರೆ (ದೊಡ್ಡ ವ್ಯಾಪಾರಿಗಳಿಗೆ ಅದು ಖರ್ಚಿನ ಇನ್ನೊಂದು ಬಾಬತ್ತಷ್ಟೇ). ಈ ಹವ್ಯಾಸಿಗಳ ಬಳಿಯಿದ್ದ ಬೇರೆ ಬೇರೆ ವಂಶಗಳೂ ಕೈತಪ್ಪುವುದರಿಂದ, ವಿರಳ ತಳಿಗಳಲ್ಲಿ ಹತ್ತಿರದ ಸಂಬಂಧಿಗಳ ನಡುವೆಯೇ ಕೂಡಿಸುವ ಅನಿವಾರ್ಯ ಹೆಚ್ಚಿ, ಆನುವಂಶಿಕ ಕಾಯಿಲೆಗಳ ಸಾಧ್ಯತೆಯೂ ಏರುತ್ತದೆ.